ಮನೆಗೆ ವೈಫೈ ಪ್ರಿಂಟರ್: ಕೊಳ್ಳುವಾಗ ಇಂಕ್ ನೋಡಿ, ಕೂರಿಸುವಾಗ ರೂಟರ್ ನೋಡಿ

ಪ್ರಿಂಟ್, ಸ್ಕ್ಯಾನ್, ಕಾಪಿ ಮೂರನ್ನೂ ಮಾಡುವ ಆಲ್-ಇನ್-ಒನ್ ಪ್ರಿಂಟರ್‌ಗಳು ಅಕ್ಷರ ಮೂಡಿಸುವ ವಿಚಾರದಲ್ಲಿ ಈಗ ಹೆಚ್ಚುಕಡಿಮೆ ಸರಿಸಮ. ಎಪ್ಸನ್, ಕ್ಯಾನನ್, ಎಚ್‌ಪಿ, ಬ್ರದರ್ ಯಾವುದರದ್ದೇ ಆಗಲಿ, ಸಾದಾ ಕಾಗದದ ಮೇಲೆ ತೆಗೆದ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹುಡುಕಿ ತೆಗೆಯಬೇಕು. ಕೊಂಡವರಿಗೆ ಬೇಸರ ಬರುವುದು ಬೇರೆ ಎರಡು ಕಾರಣಕ್ಕೆ. ಒಂದು, ಇಂಕ್ ಬೇಗ ಮುಗಿಯುತ್ತದೆ ಅಥವಾ ಒಣಗುತ್ತದೆ. ಇನ್ನೊಂದು, ನಿನ್ನೆವರೆಗೂ ಚೆನ್ನಾಗಿದ್ದ ಪ್ರಿಂಟರ್ ಇವತ್ತು ಕಂಪ್ಯೂಟರ್‌ನಲ್ಲಿ ‘ಆಫ್‌ಲೈನ್’ ಎನ್ನುತ್ತದೆ. ಮೊದಲನೆಯದನ್ನು ಕೊಳ್ಳುವ ದಿನವೇ ತಪ್ಪಿಸಬಹುದು. ಎರಡನೆಯದಕ್ಕೆ ಮದ್ದು ಬಹುಪಾಲು ರೂಟರ್‌ನಲ್ಲಿದೆ, ಪ್ರಿಂಟರ್‌ನಲ್ಲಲ್ಲ.

ಎಲ್ಲಕ್ಕಿಂತ ಅಗ್ಗವಾಗಿ ಕಾಣುವುದು ಕಾರ್ಟ್ರಿಜ್ ಮಾದರಿ. ಯಂತ್ರ ಅಗ್ಗ, ಇಂಕ್ ತುಟ್ಟಿ. ಸಾಮಾನ್ಯ ಗಾತ್ರದ ಕಾರ್ಟ್ರಿಜ್ 100ರಿಂದ 200 ಪುಟಕ್ಕೆ ಮುಗಿಯುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುವ ಪುಟಗಳ ಲೆಕ್ಕ ಐಎಸ್‌ಒ/ಐಇಸಿ 24711 ಎಂಬ ಮಾನದಂಡದ್ದು. ಗೊತ್ತುಪಡಿಸಿದ ಪರೀಕ್ಷಾ ಪುಟಗಳನ್ನು ಒಂದರ ಹಿಂದೊಂದು ತೆಗೆದು ಎಣಿಸಿದ್ದು. ಮನೆಯಲ್ಲಿ ಯಾರೂ ಹಾಗೆ ತೆಗೆಯುವುದಿಲ್ಲ. ಇವತ್ತು ಎರಡು ಪುಟ, ನಾಲ್ಕು ದಿನ ಬಿಟ್ಟು ಒಂದು. ನಡುವೆ ಪ್ರಿಂಟರ್ ತಾನಾಗಿಯೇ ಹೆಡ್, ಅಂದರೆ ಕಾಗದಕ್ಕೆ ಇಂಕ್ ಚಿಮ್ಮಿಸುವ ಭಾಗ, ಸ್ವಚ್ಛ ಮಾಡಿಕೊಳ್ಳುತ್ತದೆ, ಪ್ರತಿ ಸಲವೂ ಸ್ವಲ್ಪ ಇಂಕ್ ಹೀರಿ ಹೊರಹಾಕುತ್ತದೆ. ಹಾಗಾಗಿ ಬಿಟ್ಟುಬಿಟ್ಟು ಬಳಸುವವರಿಗೆ ಡಬ್ಬಿಯ ಲೆಕ್ಕ ಕೈಗೆ ಸಿಗುವುದೇ ಇಲ್ಲ. ಆದರೂ ಈ ಮಾದರಿಗೆ ಒಂದು ಗುಣವಿದೆ. ಎಚ್‌ಪಿ ಮತ್ತು ಕ್ಯಾನನ್‌ನ ಹಲವು ಸಣ್ಣ ಪ್ರಿಂಟರ್‌ಗಳಲ್ಲಿ ಪ್ರಿಂಟ್ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಇಂಕ್ ಒಣಗಿ ಹೆಡ್ ಕಟ್ಟಿಕೊಂಡರೆ ಹೊಸ ಕಾರ್ಟ್ರಿಜ್ ಜೊತೆ ಹೊಸ ಹೆಡ್ಡೂ ಬಂತು.

ಟ್ಯಾಂಕ್ ಮಾದರಿಯಲ್ಲಿ ಲೆಕ್ಕ ತಿರುವುಮುರುವು. ಎಪ್ಸನ್‌ನ ಇಕೋಟ್ಯಾಂಕ್, ಕ್ಯಾನನ್‌ನ ಪಿಕ್ಸ್ಮಾ ಜಿ ಸರಣಿ, ಎಚ್‌ಪಿಯ ಸ್ಮಾರ್ಟ್ ಟ್ಯಾಂಕ್ ಇವೆಲ್ಲ ಈ ಜಾತಿಯವು. ಯಂತ್ರಕ್ಕೆ ಹೆಚ್ಚು ಕೊಡಬೇಕು, ಆದರೆ ಒಂದು ಕಪ್ಪು ಬಾಟಲಿ ಮಾದರಿಗೆ ತಕ್ಕಂತೆ 4,000ದಿಂದ 6,000 ಪುಟ ಬರುತ್ತದೆ. ಮೊದಲ ಬಾಟಲಿ ಮಾತ್ರ ಅಷ್ಟು ಬರುವುದಿಲ್ಲ. ಟ್ಯಾಂಕಿನಿಂದ ಹೆಡ್‌ವರೆಗಿನ ಕೊಳವೆಗಳು ಖಾಲಿ ಇರುತ್ತವೆ, ಅವು ತುಂಬಲು ಇಂಕ್ ಹೋಗುತ್ತದೆ. ಮೊದಲ ತಿಂಗಳೇ ಮಟ್ಟ ಇಳಿದದ್ದನ್ನು ನೋಡಿ ಗಾಬರಿ ಬೇಡ.

ಟ್ಯಾಂಕ್ ಪ್ರಿಂಟರ್ ಕೊಳ್ಳುವವರು ಮೂರು ವಿಷಯ ವಿಚಾರಿಸಲೇಬೇಕು. ಹೆಡ್ ಬಿಚ್ಚಲು ಬರುತ್ತದೆಯೇ? ಕ್ಯಾನನ್ ಜಿ ಸರಣಿ, ಸ್ಮಾರ್ಟ್ ಟ್ಯಾಂಕ್‌ಗಳ ಹಲವು ಮಾದರಿಗಳಲ್ಲಿ ನಾವೇ ಬದಲಿಸಬಹುದು. ಎಪ್ಸನ್‌ನಲ್ಲಿ ಹೆಡ್ ಯಂತ್ರದ್ದೇ ಭಾಗ, ಬಾಳಿಕೆ ಹೆಚ್ಚು, ಆದರೆ ಕೆಟ್ಟರೆ ರಿಪೇರಿಗೇ ಒಯ್ಯಬೇಕು. ಕಪ್ಪು ಇಂಕ್ ಪಿಗ್ಮೆಂಟೋ ಡೈಯೋ? ಪಿಗ್ಮೆಂಟ್ ಕಪ್ಪು ಸಾದಾ ಕಾಗದದಲ್ಲಿ ಗಾಢವಾಗಿ ಕೂರುತ್ತದೆ, ಒದ್ದೆ ಬೆರಳು ತಾಗಿದರೂ ಅಕ್ಷರ ಹರಡುವುದಿಲ್ಲ. ಡೈ ಇಂಕ್‌ನಲ್ಲಿ ಬರೆದ ಅರ್ಜಿಯ ಮೇಲೆ ಒಂದು ಹನಿ ನೀರು ಬಿದ್ದರೂ ಆ ಸಾಲು ನೀಲಿ-ನೇರಳೆ ಕಲೆಯಾಗಿ ಹರಡಬಹುದು. ಮೂರನೆಯದು ಯಾರೂ ಕೇಳದ ಪ್ರಶ್ನೆ: ಹೆಡ್ ಸ್ವಚ್ಛವಾಗುವಾಗ ಹೊರಬೀಳುವ ಇಂಕ್ ಎಲ್ಲಿಗೆ ಹೋಗುತ್ತದೆ? ಅದನ್ನು ಹೀರಿಕೊಳ್ಳುವ ಪ್ಯಾಡ್ ಒಂದು ಒಳಗಿರುತ್ತದೆ, ಒಂದು ದಿನ ತುಂಬುತ್ತದೆ, ತುಂಬಿದಾಗ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ‘ಮೇಂಟೆನೆನ್ಸ್ ಬಾಕ್ಸ್’ ಅಥವಾ ‘ಮೇಂಟೆನೆನ್ಸ್ ಕಾರ್ಟ್ರಿಜ್’ ಹೆಸರಿನಲ್ಲಿ ಅದು ಬಿಡಿಯಾಗಿ ಸಿಗುವ ಮಾದರಿಯಾದರೆ ಮನೆಯಲ್ಲೇ ಎರಡು ನಿಮಿಷದ ಕೆಲಸ. ಇಲ್ಲವಾದರೆ ಸರ್ವಿಸ್ ಸೆಂಟರ್. ಎರಡು ಮಾದರಿಗಳ ನಡುವೆ ಗೊಂದಲವಿದ್ದರೆ, ಪರದೆಯ ಗಾತ್ರಕ್ಕಿಂತ ಈ ಬಾಕ್ಸ್ ಇರುವುದನ್ನೇ ಆರಿಸಿ ಎನ್ನುತ್ತೇವೆ.

ಕಪ್ಪು-ಬಿಳುಪು ಲೇಸರ್‌ನಲ್ಲಿ ಒಣಗುವ ಮಾತೇ ಇಲ್ಲ. ಟೋನರ್ ಎಂದರೆ ಪುಡಿ. ಮೂರು ತಿಂಗಳು ಮುಟ್ಟದೆ ಬಿಟ್ಟು ಹಚ್ಚಿದರೂ ಮೊದಲ ಪುಟವೇ ಚೊಕ್ಕಟ. ಹೊಸ ಯಂತ್ರದೊಳಗೆ ಬರುವುದು ಹೆಚ್ಚಾಗಿ ‘ಸ್ಟಾರ್ಟರ್’ ಟೋನರ್, ಅಂದರೆ ಪೂರ್ತಿ ತುಂಬಿರದ್ದು. ಬ್ರದರ್‌ನಂಥ ಮಾದರಿಗಳಲ್ಲಿ ಡ್ರಮ್ (ಪುಡಿಯನ್ನು ಕಾಗದಕ್ಕೆ ಸಾಗಿಸುವ ಉರುಳೆ) ಬೇರೆ, ಟೋನರ್ ಬೇರೆ. ಡ್ರಮ್‌ನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಕಾಯುವ ಕ್ಷಣದಲ್ಲಿ ವಿದ್ಯುತ್ ಜೋರಾಗಿ ಎಳೆಯುತ್ತದೆ. ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಲೇಸರ್ ಸಿಕ್ಕಿಸಬೇಡಿ, ಗೋಡೆಯ ಸಾಕೆಟ್‌ಗೇ ಕೊಡಿ. ಇಂಕ್‌ಜೆಟ್‌ಗಾಗಿ ಮಾಡಿದ ಹೊಳಪಿನ ಫೋಟೋ ಕಾಗದವನ್ನಂತೂ ಲೇಸರ್‌ಗೆ ಹಾಕಲೇಬಾರದು. ಲೇಪನ ಕರಗಿ ಫ್ಯೂಸರ್‌ಗೆ ಸುತ್ತಿಕೊಂಡರೆ ಆ ಭಾಗವೇ ಹೋಯಿತು.

ನಮ್ಮ ತೀರ್ಪು ಇಷ್ಟು. ಮಕ್ಕಳ ಪ್ರಾಜೆಕ್ಟ್, ಬಣ್ಣದ ಚಿತ್ರ, ವಾರವಾರವೂ ಒಂದಷ್ಟು ಪುಟ ಇರುವ ಮನೆಗೆ ಟ್ಯಾಂಕ್. ಎರಡು ಮೂರು ತಿಂಗಳಿಗೊಮ್ಮೆ ದಾಖಲೆ ತೆಗೆಯುವವರಿಗೆ ಲೇಸರ್. ಕಾರ್ಟ್ರಿಜ್ ಮಾದರಿ ತೀರಾ ಕಡಿಮೆ ಬಳಕೆಯಿದ್ದೂ ಬಣ್ಣ ಬೇಕೇ ಬೇಕು ಎನ್ನುವವರಿಗೆ ಮಾತ್ರ. ಇಂಟರ್ನೆಟ್ ಸಂಪರ್ಕ ಸದಾ ಇರಲೇಬೇಕು, ಕಂಪನಿಯ ಇಂಕನ್ನೇ ಹಾಕಬೇಕು ಎಂಬ ಷರತ್ತಿನ ಮಾದರಿಗಳೂ ಇವೆ. ಷರತ್ತನ್ನು ಓದಿ ಒಪ್ಪಿದರೆ ಮಾತ್ರ ಕೊಳ್ಳಿ.

ಸ್ಕ್ಯಾನರ್ ಬಗ್ಗೆ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ) ಸಂಖ್ಯೆ ನೋಡಿ ಮರುಳಾಗಬೇಕಿಲ್ಲ. ದಾಖಲೆಗೆ 300 ಡಿಪಿಐ ಸಾಕು, ಹಳೇ ಫೋಟೋಗೆ 600. ನೋಡಬೇಕಾದ್ದು ಗಾಜಿನ ಅಳತೆ. ಮನೆಯ ಪ್ರಿಂಟರ್‌ಗಳ ಗಾಜು ಸಾಮಾನ್ಯವಾಗಿ 216×297 ಮಿಲಿಮೀಟರ್, ಅಂದರೆ ಎ4 ಹಾಳೆ ಹಿಡಿಸುವಷ್ಟು. ಲೀಗಲ್ ಗಾತ್ರದ ಕರಾರುಪತ್ರ ಅದರಲ್ಲಿ ಹಿಡಿಸುವುದಿಲ್ಲ, ಕೆಳಗಿನ ಸಹಿಯೇ ಕತ್ತರಿಸಿ ಹೋಗುತ್ತದೆ. ಉದ್ದದ ಕಾಗದ ಇರುವವರಿಗೆ, ಹತ್ತಿಪ್ಪತ್ತು ಪುಟ ಒಟ್ಟಿಗೆ ಸ್ಕ್ಯಾನ್ ಮಾಡುವವರಿಗೆ ಮೇಲಿನಿಂದ ಕಾಗದ ತಾನೇ ಎಳೆದುಕೊಳ್ಳುವ ಎಡಿಎಫ್ ಬೇಕು. ಎಡಿಎಫ್ ಸ್ಕ್ಯಾನ್‌ನಲ್ಲಿ ಪುಟದುದ್ದಕ್ಕೂ ಸಣ್ಣ ಗೆರೆ ಬಂದು, ಗಾಜಿನ ಮೇಲಿಟ್ಟು ಮಾಡಿದರೆ ಬಾರದಿದ್ದರೆ, ದೊಡ್ಡ ಗಾಜಿನ ಪಕ್ಕದಲ್ಲಿರುವ ಬೆರಳಗಲದ ಗಾಜಿನ ಪಟ್ಟಿ ನೋಡಿ. ಅಲ್ಲೊಂದು ಕಣ ವೈಟ್‌ನರೋ ಅಂಟೋ ಕೂತಿರುತ್ತದೆ. ಎರಡೂ ಬದಿ ತಾನಾಗಿ ಮುದ್ರಿಸುವ ಡುಪ್ಲೆಕ್ಸ್ ಇದ್ದರೆ ಕಾಗದ ಅರ್ಧ ಉಳಿಯುತ್ತದೆ. ‘ಡುಪ್ಲೆಕ್ಸ್’ ಎಂದ ಮಾತ್ರಕ್ಕೆ ಎಡಿಎಫ್ ಕೂಡ ಎರಡೂ ಬದಿ ಸ್ಕ್ಯಾನ್ ಮಾಡುತ್ತದೆ ಎಂದುಕೊಳ್ಳಬೇಡಿ, ಅದು ಬೇರೆಯೇ ಸೌಲಭ್ಯ.

ಫೋನ್‌ನಿಂದ ತೆಗೆಯಲು ಏರ್‌ಪ್ರಿಂಟ್ ಮತ್ತು ಮೊಪ್ರಿಯಾ ಎರಡೂ ಇರಲಿ. ಏರ್‌ಪ್ರಿಂಟ್ 2010ರಲ್ಲಿ ಆ್ಯಪಲ್ ತಂದದ್ದು. ಮೊಪ್ರಿಯಾ 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ ಕಟ್ಟಿದ ಕೂಟದ್ದು, ಆಂಡ್ರಾಯ್ಡ್‌ನಲ್ಲಿ ನಡೆಯುತ್ತದೆ. ಹಳೇ ಪ್ರಿಂಟರ್ ಕೈಬದಲಾಗಿ ಬರುತ್ತಿದ್ದು, ಅದರ ಮೇಲೆ ‘ಗೂಗಲ್ ಕ್ಲೌಡ್ ಪ್ರಿಂಟ್’ ಎಂದಷ್ಟೇ ಇದ್ದರೆ ಬಿಟ್ಟುಬಿಡಿ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತಿದೆ.

ಇನ್ನು ಕೂರಿಸುವ ಕೆಲಸ. ಮಟ್ಟಸವಾದ ಜಾಗದಲ್ಲಿಡಿ, ಟ್ಯಾಂಕ್ ಮಾದರಿ ಓರೆಯಾದರೆ ಇಂಕ್ ಸೋರಬಹುದು. ಹೊರಗಿನ ಟೇಪುಗಳನ್ನು ಎಲ್ಲರೂ ತೆಗೆಯುತ್ತಾರೆ, ಸ್ಕ್ಯಾನರ್ ಎತ್ತಿ ಒಳಗೆ ನೋಡುವುದನ್ನು ಮರೆಯುತ್ತಾರೆ. ಹೆಡ್ ಓಡಾಡುವ ಹಳಿಯ ಬಳಿ ಒಂದು ತುಂಡು ಟೇಪ್ ಉಳಿದರೂ ಹಚ್ಚಿದ ತಕ್ಷಣ ‘ಪೇಪರ್ ಜಾಮ್’ ಎನ್ನುತ್ತದೆ. ಇಂಕ್ ತುಂಬುವಾಗ ಬಾಟಲಿಯ ಬಣ್ಣ, ಟ್ಯಾಂಕಿನ ಬಣ್ಣ ಎರಡು ಸಲ ನೋಡಿ. ತುಂಬಿದ ಮೇಲೆ ಪ್ರಿಂಟರ್ ಹತ್ತು ನಿಮಿಷದ ಮೇಲೂ ಗುರುಗುಟ್ಟುತ್ತಾ ಇಂಕ್ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಆಫ್ ಮಾಡಿದರೆ ಕೊಳವೆಯಲ್ಲಿ ಗಾಳಿ ಉಳಿದು ಪುಟದಲ್ಲಿ ಬಿಳಿ ಪಟ್ಟೆ ಬೀಳುತ್ತದೆ. ಆಮೇಲೆ ಹೆಡ್ ಅಲೈನ್‌ಮೆಂಟ್ ಪುಟ ತೆಗೆದು, ಅದು ಹೇಳಿದಂತೆ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ. ಇದನ್ನು ಹಾರಿಸಿದರೆ ಉದ್ದ ಗೆರೆಗಳು ಮುರಿದು ಮುರಿದು ಬರುತ್ತವೆ.

ನೆಟ್‌ವರ್ಕ್ ಜೋಡಿಸುವಾಗ ಮೊದಲು ತಿಳಿಯಬೇಕಾದ್ದು, ಮನೆಯ ಬಹಳಷ್ಟು ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಸೆಟಪ್ ಆ್ಯಪ್ ತೊಡರಿಕೊಳ್ಳುವುದುಂಟು. ಸೆಟಪ್ ಮುಗಿಯುವವರೆಗೆ 5 ಗಿಗಾಹರ್ಟ್ಸ್ ಆಫ್ ಮಾಡಿ, ಆಮೇಲೆ ಮತ್ತೆ ಹಚ್ಚಿ. ರೂಟರ್‌ನಲ್ಲಿ ವೈಫೈ ಭದ್ರತೆಯ ಬಗೆ ‘ಡಬ್ಲ್ಯೂಪಿಎ3 ಮಾತ್ರ’ ಎಂದಿದ್ದರೆ ಹಳೇ ಮಾದರಿಗಳು ಪಾಸ್‌ವರ್ಡ್ ಸರಿಯಿದ್ದರೂ ಸೇರಿಕೊಳ್ಳುವುದಿಲ್ಲ. ಡಬ್ಲ್ಯೂಪಿಎ2/ಡಬ್ಲ್ಯೂಪಿಎ3 ಮಿಶ್ರ ಇಡಿ. ಗೆಸ್ಟ್ ನೆಟ್‌ವರ್ಕ್‌ಗೆ ಪ್ರಿಂಟರ್ ಸೇರಿಸಬೇಡಿ. ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಸಾಮಾನ್ಯವಾಗಿ ತಡೆ ಇರುತ್ತದೆ, ಹಾಗಾಗಿ ಪ್ರಿಂಟರ್‌ನಲ್ಲಿ ವೈಫೈ ದೀಪ ಉರಿಯುತ್ತಿದ್ದರೂ ಫೋನ್‌ಗೆ ಅದು ಸಿಗುವುದಿಲ್ಲ.

ಆ್ಯಪ್‌ನಿಂದ ಸೇರಿಸುವಾಗ ಫೋನ್‌ನ ಬ್ಲೂಟೂತ್, ಲೊಕೇಶನ್ ಆನ್ ಇರಲಿ; ಮೊಬೈಲ್ ಡೇಟಾ, ವಿಪಿಎನ್ ಆಫ್ ಇರಲಿ. ಪ್ರಿಂಟರ್ ಹರಡುವ ತಾತ್ಕಾಲಿಕ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಅದನ್ನು ಕಂಡ ಫೋನ್ ತಾನಾಗಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ, ಸೆಟಪ್ ನಡುವೆಯೇ ಕಡಿಯುತ್ತದೆ. ಎಚ್‌ಪಿಯ ಹಲವು ಮಾದರಿಗಳಲ್ಲಿ ಈ ಸೆಟಪ್ ಸ್ಥಿತಿ 2 ಗಂಟೆ ಮಾತ್ರ ಇರುತ್ತದೆ, ಮೀರಿದರೆ ವೈಫೈ ರೀಸೆಟ್ ಮಾಡಿ ಮತ್ತೆ ಶುರು. ಪರದೆಯಿಲ್ಲದ ಪ್ರಿಂಟರ್‌ಗೆ ಸುಲಭದ ದಾರಿ ಡಬ್ಲ್ಯೂಪಿಎಸ್: ಪ್ರಿಂಟರ್‌ನ ವೈಫೈ ಗುಂಡಿ ಒತ್ತಿ ದೀಪ ಮಿನುಗಿದ ಮೇಲೆ 2 ನಿಮಿಷದೊಳಗೆ ರೂಟರ್‌ನ ಡಬ್ಲ್ಯೂಪಿಎಸ್ ಗುಂಡಿ ಒತ್ತಬೇಕು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ‘ಆಫ್‌ಲೈನ್’ ಕಾಟ ಹುಟ್ಟುವುದು ಇಲ್ಲೇ. ರೂಟರ್ ಪ್ರತಿ ಸಾಧನಕ್ಕೂ ಐಪಿ ಅಡ್ರೆಸ್ (ನೆಟ್‌ವರ್ಕ್‌ನೊಳಗಿನ ವಿಳಾಸ) ಕೊಡುವುದು ತಾತ್ಕಾಲಿಕವಾಗಿ. ಕರೆಂಟ್ ಹೋಗಿ ಬಂದಾಗ ಪ್ರಿಂಟರ್‌ಗೆ ಬೇರೆ ಅಡ್ರೆಸ್ ಸಿಗಬಹುದು, ಕಂಪ್ಯೂಟರ್ ಮಾತ್ರ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಪರಿಹಾರ ಹೀಗೆ: ಪ್ರಿಂಟರ್‌ನಿಂದ ನೆಟ್‌ವರ್ಕ್ ಸ್ಟೇಟಸ್ ಪುಟ ತೆಗೆಯಿರಿ. ಅದರಲ್ಲಿ ಐಪಿ ಅಡ್ರೆಸ್, 12 ಅಕ್ಷರ-ಅಂಕಿಗಳ ಮ್ಯಾಕ್ ಅಡ್ರೆಸ್ (ಆ ಸಾಧನದ್ದೇ ಗುರುತು ಸಂಖ್ಯೆ) ಇರುತ್ತವೆ. ಬ್ರೌಸರ್‌ನಲ್ಲಿ ತೆರೆಯುವ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಡಿಎಚ್‌ಸಿಪಿ ರಿಸರ್ವೇಶನ್’ ಎಂಬಲ್ಲಿ ಆ ಮ್ಯಾಕ್‌ಗೆ ಆ ಐಪಿಯನ್ನೇ ಕಾಯಂ ಮಾಡಿ. ನೆಟ್‌ವರ್ಕ್ ಕೇಬಲ್‌ನ ಕಿಂಡಿಯೂ ಇರುವ ಪ್ರಿಂಟರ್‌ನಲ್ಲಿ ಎರಡು ಮ್ಯಾಕ್ ಇರುತ್ತವೆ, ವೈರ್‌ಲೆಸ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಸ್ಟೇಟಸ್ ಪುಟದಲ್ಲಿ ಐಪಿ 169.254ರಿಂದ ಶುರುವಾಗಿದ್ದರೆ ಪ್ರಿಂಟರ್‌ಗೆ ರೂಟರ್‌ನಿಂದ ಅಡ್ರೆಸ್ಸೇ ಸಿಕ್ಕಿಲ್ಲ ಎಂದರ್ಥ. ಮೊದಲು ಎರಡನ್ನೂ ಆಫ್ ಮಾಡಿ, ರೂಟರ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಹಚ್ಚಿ.

ವಿಂಡೋಸ್‌ನಲ್ಲಿ ಇನ್ನೊಂದು ಹೆಜ್ಜೆ ಬೇಕು. ತಾನಾಗಿ ಪ್ರಿಂಟರ್ ಸೇರಿಸಿಕೊಂಡಾಗ ಅದು ಹಲವು ಸಲ ‘ಡಬ್ಲ್ಯೂಎಸ್‌ಡಿ’ ಎಂಬ ಪೋರ್ಟ್ (ಪ್ರಿಂಟರ್ ಜೊತೆ ಮಾತಾಡುವ ದಾರಿ) ಹಾಕುತ್ತದೆ. ಪ್ರಿಂಟರ್ ನಿದ್ದೆಗೆ ಜಾರಿ ಉತ್ತರಿಸುವುದು ತಡವಾದರೆ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ಗುರುತು ಹಾಕುವುದುಂಟು. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ ‘ಆ್ಯಡ್ ಮ್ಯಾನ್ಯುಯಲಿ’ ಆರಿಸಿ, ಈಗಾಗಲೇ ಕಾಯಂ ಮಾಡಿದ ಐಪಿ ಕೊಟ್ಟು ಟಿಸಿಪಿ/ಐಪಿ ಪ್ರಿಂಟರ್ ಆಗಿ ಸೇರಿಸಿ. ಆಮೇಲೂ ಆಫ್‌ಲೈನ್ ಎಂದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ಗೆ ಹೋಗಿ, ಕಾನ್ಫಿಗರ್ ಪೋರ್ಟ್‌ನಲ್ಲಿ ಪ್ರಿಂಟರ್‌ನ ಸ್ಥಿತಿ ವಿಚಾರಿಸುವ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬುದರ ಗುರುತು ತೆಗೆಯಿರಿ. ಮ್ಯಾಕ್ ಕಂಪ್ಯೂಟರ್, ಐಫೋನ್‌ಗಳಿಗೆ ಇದ್ಯಾವುದೂ ಬೇಡ, ಏರ್‌ಪ್ರಿಂಟ್ ಸಾಕು.

ಬಳಕೆಯಲ್ಲಿ ನೆನಪಿಡಬೇಕಾದ್ದು ಹೆಡ್‌ನ ಆರೈಕೆ. ಇಂಕ್‌ಜೆಟ್‌ನಲ್ಲಿ ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಒಂದು ಪುಟ ತೆಗೆಯಿರಿ. ಆಫ್ ಮಾಡುವುದು ಯಾವಾಗಲೂ ಪ್ರಿಂಟರ್‌ನ ಗುಂಡಿಯಿಂದಲೇ. ಆಗ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡೇ ನಿಂತು ಒಣಗಬಹುದು. ಮುದ್ರಿಸುತ್ತಿರುವಾಗಲೇ ಕರೆಂಟ್ ಹೋದರೆ, ಬಂದ ಮೇಲೆ ಒಮ್ಮೆ ಹಚ್ಚಿ ಗುಂಡಿಯಿಂದ ಆಫ್ ಮಾಡಿ. ಬಣ್ಣ ಬಿಟ್ಟುಬಿಟ್ಟು ಬಂದರೆ ಮೊದಲು ನಾಝಲ್ ಚೆಕ್ ಎಂಬ ಪರೀಕ್ಷಾ ಪುಟ ತೆಗೆದು ಯಾವ ಬಣ್ಣದ ಗೆರೆ ತುಂಡಾಗಿದೆ ನೋಡಿ, ಆಮೇಲೆ ಹೆಡ್ ಕ್ಲೀನಿಂಗ್. ಮೂರು ಸಲ ಮಾಡಿದರೂ ಬಾರದಿದ್ದರೆ ನಾಲ್ಕನೆಯದು ಬೇಡ. 12 ಗಂಟೆ ಬಿಟ್ಟು ನೋಡಿ. ಒಳಗಿನ ಗಾಳಿಗುಳ್ಳೆ ತಾನಾಗಿ ಮೇಲೇರುತ್ತದೆ, ಕಟ್ಟಿದ ಇಂಕ್ ನೆನೆದು ಸಡಿಲವಾಗುತ್ತದೆ. ಸುಮ್ಮನೆ ಕ್ಲೀನಿಂಗ್ ಒತ್ತುತ್ತಾ ಹೋದರೆ ಇಂಕೂ ಹೋಗುತ್ತದೆ, ಮೇಂಟೆನೆನ್ಸ್ ಬಾಕ್ಸೂ ತುಂಬುತ್ತದೆ.

ಕಾಗದ 70ರಿಂದ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ. ಹಾಕುವ ಮೊದಲು ಕಟ್ಟನ್ನು ಬೀಸಣಿಗೆಯಂತೆ ಒಮ್ಮೆ ಬಿಡಿಸಿ, ಬದಿಯ ಗೈಡ್ ಕಾಗದಕ್ಕೆ ತಾಗಿದರೆ ಸಾಕು, ಒತ್ತಬಾರದು. ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತಿದ್ದರೆ ಕಾಗದ ತೇವ ಹೀರಿರುವ ಸಾಧ್ಯತೆ ಹೆಚ್ಚು. ತೆರೆದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಾಳೆ ಸಿಕ್ಕಿಕೊಂಡಾಗ ಅದು ಸಾಗುತ್ತಿದ್ದ ದಿಕ್ಕಿಗೇ ಎರಡೂ ಕೈಯಿಂದ ನಿಧಾನ ಎಳೆಯಿರಿ. ಹರಿದು ಒಳಗುಳಿದ ಚೂರು ಮುಂದಿನ ಹತ್ತು ಹಾಳೆಗಳನ್ನೂ ಸಿಕ್ಕಿಸುತ್ತದೆ.

ಪ್ರಿಂಟರ್ ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡದೆ ಕೊಡಬೇಡಿ. ನಿಮ್ಮ ವೈಫೈ ಪಾಸ್‌ವರ್ಡ್, ಸ್ಕ್ಯಾನ್ ಕಳಿಸಲು ತುಂಬಿಸಿದ ಇಮೇಲ್ ವಿಳಾಸಗಳು ಅದರ ಮೆಮೊರಿಯಲ್ಲೇ ಇರುತ್ತವೆ.