ನೆಲಬೇವಿನ ಸ್ಯಾಂಪಲ್ ಟೆಸ್ಟಿಗೆ ಕೊಟ್ಟಿದ್ದೆ, ಐದಕ್ಕ ಮೂರು ಸ್ಟಾರ್

ಪುಣೇದಾಗ ಎಂ.ಫಾರ್ಮ್ ಮಾಡೋ ನಮ್ಮ ಕಡೆ ಮಂದಿ ಭಾಳ ಇದ್ದೀರಿ, ಸ್ಯಾಂಪಲ್ ಹೊರಗ ಕೊಡೋ ಮುಂದ ಇದನ್ನೊಮ್ಮೆ ಓದ್ರಿ. ಲ್ಯಾಬಿನ ಹೆಸರು ಹಾಕಬ್ಯಾಡ ಅಂತ ಗೈಡ್ ಹೇಳ್ಯಾರ, ಭೋಸರಿ ಕಡೆ ಐತಿ ಅಂದ್ರ ಸಾಕು.

ನಂದು ನೆಲಬೇವು. ಜ್ವರ ಬಂದ್ರ ಅವ್ವ ಮೂಗು ಹಿಡಿದು ಕುಡಿಸ್ತಿದ್ದಳಲ್ಲ, ಅದ ಕಷಾಯದ ಗಿಡ. ಆ ಕಹಿಗೆ ಮುಖ್ಯ ಕಾರಣ ಆಂಡ್ರೊಗ್ರಾಫೊಲೈಡ್, ಅದನ್ನ ಎಲಿಯಿಂದ ಬ್ಯಾರೆ ಮಾಡಿ ಇದು ಅದ ಅಂತ ತೋರಿಸೋದು ನನ್ನ ಪ್ರಾಜೆಕ್ಟ್. ಇಲ್ಲಿ ಗ್ರಂದಿಗೆ ಅಂಗಡ್ಯಾಗ ಕೇಳಿದ್ರ ಚಿರಾಯತ ಅಂತ ಕಡ್ಡಿಕಟ್ಟು ಕೊಟ್ರು, ನೋಡಿದ್ರ ಅದು ಹಿಮಾಲಯದ ಸ್ವರ್ಷಿಯಾ, ಕಹಿ ಐತಿ ಖರೆ ಆದ್ರ ಗಿಡಾನ ಬ್ಯಾರೆ. ಗೋವಾದ ರೂಮ್‌ಮೇಟ್ ನೆಲಬೇವಿಗೇ ಕಿರಾಯ್ತೆಂ ಅಂತಾನ, ತಲಿ ಕೆಟ್ಟುಹೋತು. ಕಡಿಗೆ ಊರಿಂದ ಹೂವಿನ ಸಮೇತ ಗಿಡ ತರಿಸಿ ಕೋರೆಗಾಂವ್ ರೋಡಿನ ಬಿಎಸ್‌ಐ (ಸರ್ಕಾರದ ಸಸ್ಯ ಸರ್ವೇಕ್ಷಣೆ) ಆಫೀಸಿನಾಗ ಗುರುತು ಹಿಡಿಸಿದೆ.

ಎಲಿ ಪುಡಿ ಮಾಡಿದ ದಿನ ಧೂಳು ಗಂಟಲಿಗೆ ಹೋಗಿ ಸಂಜಿ ತನಕ ಚಹಾ ಸುದ್ದಾ ಕಹಿ. ಮೆಥನಾಲಿನಾಗ ನೆನಸಿ, ಇದ್ದಲಿ ಪುಡಿ ಹಾಕಿ ಹಸಿರು ತಗದು, ಸಿಲಿಕಾ ತುಂಬಿದ ಕೊಳವಿ ಅಂದ್ರ ಕಾಲಮ್ಮಿನಾಗ ಕ್ಲೋರೋಫಾರ್ಮ್ ಮೆಥನಾಲ್ ಬಿಟ್ಟು ಒಂದೊಂದ ಬ್ಯಾರೆ ಮಾಡಿ, ಒಳಗಿದ್ದದ್ದನ್ನ ಚುಕ್ಕಿಯಾಗಿ ತೋರಿಸೋ ಟಿಎಲ್‌ಸಿ ಪ್ಲೇಟಿಗೆ ವೆನಿಲಿನ್ ಸಲ್ಫ್ಯೂರಿಕ್ ಆಸಿಡ್ ಹೊಡೆದು ಬಿಸಿ ಮಾಡಿದ್ರ ನೇರಳೆ ಬಣ್ಣದ ಒಂದ ಚುಕ್ಕಿ. ಬಿಳಿ ಹರಳು ಬಿದ್ದಾಗ ಊರಿಗೆ ಫೋಟೋ ಕಳಿಸಿದ್ದೆ, ಅವ್ವ "ಉಪ್ಪೇನೋ ಅದು" ಅಂದ್ಳು.

ಇನ್ನ ಲ್ಯಾಬಿನ ಕಥಿ. ಕೌಂಟರಿನಾಗ ಮಾತು ಛಲೋ, ಹೇಳಿದ ದಿನಕ್ಕ ರಿಪೋರ್ಟ್ ಮೇಲ್‌ಗೆ ಬಂತು. ಮಾಸ್ ಅಂದ್ರ ಅಣುವಿನ ತೂಕದ ಟೆಸ್ಟ್ ನೋಡಿ ಖುಷಿ ಆತು, 373ಕ್ಕ ಪೀಕ್, ಅಂದ್ರ ಆಂಡ್ರೊಗ್ರಾಫೊಲೈಡಿನ ತೂಕ 350ಕ್ಕ ಸೋಡಿಯಂ 23 ಅಂಟಿಕೊಂಡೈತಿ. ಆದ್ರ ಎಚ್‌ಪಿಎಲ್‌ಸಿದಾಗ, ಅಂದ್ರ ಒಳಗಿನ ವಸ್ತು ಬ್ಯಾರೆ ಮಾಡಿ ಒಂದೊಂದು ಎಷ್ಟು ಬೆಳಕು ಹೀರ್ತೈತಿ ಅಂತ ಅಳಿಯೋ ಟೆಸ್ಟಿನಾಗ, ಶುದ್ಧತೆ 71 ಪರ್ಸೆಂಟ್ ಅಂತ, ಕೆಳಗ "ಮತ್ತೊಮ್ಮೆ ಪ್ಯೂರಿಫೈ ಮಾಡಿ" ಅಂತ ಒಂದು ಸಾಲು ಬುದ್ಧಿಮಾತು ಬ್ಯಾರೆ. ನಾನೂ ದಡ್ಡನಂಗ ಮತ್ತ ಕಾಲಂ ಹಾಕಿದೆ, ಒಂದು ವಾರ ಹೋತು, ಅರ್ಧ ಹರಳು ಸಿಲಿಕಾದಾಗ ಉಳೀತು, ರಿಪೋರ್ಟ್ ನೋಡಿದ ಗೈಡ್ ಮೂಲ್ಯಾಗ ಸಣ್ಣ ಅಕ್ಷರದಾಗ ಇದ್ದ 254 ಅನ್ನೋ ವೇವ್‌ಲೆಂತ್ (ಟೆಸ್ಟಿಗೆ ಬಿಟ್ಟ ಬೆಳಕಿನ ಅಲೆಯ ಉದ್ದ) ತೋರಿಸಿ ಸುಮ್ಮನ ನಕ್ಕರು. ಆಂಡ್ರೊಗ್ರಾಫೊಲೈಡ್ ಬೆಳಕು ಹೀರೋದು 225 ನ್ಯಾನೋಮೀಟರ್ ಆಸುಪಾಸಿನಾಗ, 254ರಾಗ ಅದು ಸಪ್ಪಗ. ಅದರ ಜೋಡಿ ಗಿಡದಿಂದ ಬರೋ, ಅದರಂಥದ ಡೀಹೈಡ್ರೊ ಅನ್ನೋ ಇನ್ನೊಂದು ವಸ್ತು, ತಮ್ಮ ಅನ್ರಿ, ಒಬ್ಬಾಂವ ಅದಾನ, ಅಂವ ಹೀರೋದು 250ರ ಹತ್ರಾನ, ಹಿಂಗಾಗಿ ಚಿಮಟಿಯಷ್ಟಿದ್ರೂ ಗುಡ್ಡದಂಗ ಕಾಣ್ತಾನ. ಫೋನ್ ಮಾಡಿದ್ರ "ನಮ್ಮ ಡೀಫಾಲ್ಟ್ ಅದೇ ಸರ್" ಅಂದ್ರು. ಮೊದಲಿನ ಸ್ಯಾಂಪಲ್ಲನ್ನ 225ರಾಗ ಮತ್ತ ಓಡಿಸಿದ್ರ 93, ಅದಕ್ಕೂ ಅರ್ಧ ದುಡ್ಡು ತಗೊಂಡ್ರು ನೋಡ್ರಿ. ಎರಡು ಸ್ಟಾರ್ ಕಡಿಮಿ ಆಗಿದ್ದು ಇಲ್ಲೇ.

ಅಣುವಿನ ರಚನಾ ತೋರಿಸೋ ಎನ್‌ಎಂಆರ್ ಟೆಸ್ಟಿನ ಬಗ್ಗೆ ತಕರಾರಿಲ್ಲ, ಆಂಡ್ರೊಗ್ರಾಫೊಲೈಡಿನ ಗುರುತಿನ ಪೀಕುಗಳು, 4.6, 4.8ರ ಜೋಡಿ, 6.6ರ ಒಂಟಿ ಪ್ರೋಟಾನ್ ಎಲ್ಲಾ ಚೊಕ್ಕ. 3.16ಕ್ಕ ಮೆಥನಾಲ್ ಕಂಡಿದ್ದು ನಂದ ತಪ್ಪು, ಹರಳು ಸರಿ ಒಣಗಿಸಿರಲಿಲ್ಲ. ಆದ್ರ ಬರೇ ಪಿಡಿಎಫ್ ಕಳಿಸ್ತಾರ, ಎಫ್‌ಐಡಿ (ಮಶೀನಿನ ಮೂಲ ಡೇಟಾ) ಫೈಲ್ ಕೇಳಿ ಇಸ್ಕೋಬೇಕು.

ಫಾರ್ಮಿನಾಗ ರಿಮಾರ್ಕ್ಸ್ ಅಂತ ಒಂದು ಖಾಲಿ ಜಾಗ ಇರ್ತೈತಿ, ಯಾರೂ ತುಂಬಂಗಿಲ್ಲ, ಅಲ್ಲಿ ವೇವ್‌ಲೆಂತ್ ದಪ್ಪಗ ಬರೀರಿ. ಮುಂದಿನ ವಾರ ಕಾರ್ಬನ್ ಎನ್‌ಎಂಆರ್‌ಗೂ ಅಲ್ಲೇ ಕೊಡಾಂವ ಅದೀನಿ, ಆಂಡ್ರೊಗ್ರಾಫೊಲೈಡಿನ 20 ಕಾರ್ಬನ್ ಎಣಿಸಿ ಸಿಕ್ರ ಇಲ್ಲೇ ಬಂದು ಇನ್ನೊಂದು ಸ್ಟಾರ್ ಕೂಡಿಸ್ತೀನಿ.