ಮುಳ್ಳಿಗೆ ಹೆದರದ ಟೈರು: ಮೂರು ವರ್ಷ, 11,400 ಕಿಲೋಮೀಟರ್ ಆದ ಮೇಲೆ

ನಾನು ಮಂಡ್ಯದವನು. ಸಂಜೆ ವಿ.ಸಿ. ನಾಲೆ ಏರಿ ಮೇಲೆ ಸೈಕಲ್ ಹೊಡೆಯೋದು ಹಳೇ ಚಾಳಿ. ಬಳ್ಳಾರಿ ಜಾಲಿ ಕಡಿದು ಬೇಲಿಗೆ ಎಳೆದುಕೊಂಡು ಹೋಗುತ್ತಾರಲ್ಲ, ಆ ಮುಳ್ಳಿನ ಕಾಟಕ್ಕೆ ವಾರಕ್ಕೊಂದು ಪಂಕ್ಚರ್ ಗ್ಯಾರಂಟಿ. ಸಾಕಾಗಿ ಟೂರಿಂಗ್ ಟೈರ್ ತರಿಸಿದೆ. 700×38 ಅಳತೆ, ನೆಲಕ್ಕೆ ತಾಗುವ ರಬ್ಬರಿನ ಕೆಳಗೆ ಇನ್ನೊಂದು ದಪ್ಪ ಪಟ್ಟಿ. ಒಂದಕ್ಕೆ ಮೂರು ಸಾವಿರದ ಹತ್ತಿರ. ಮಾರಿದವರು ಮೊದಲು ತಪ್ಪು ಅಳತೆ ಕಳಿಸಿ, ಬದಲಾಯಿಸಿ ಕೊಡೋಕೆ ಮೂರು ವಾರ ಸತಾಯಿಸಿದರು. ಆ ಸಿಟ್ಟು ಟೈರಿನ ಮೇಲೆ ತೀರಿಸಿಕೊಳ್ಳಲ್ಲ.

ಹಾಕುವಾಗ ಹೆಬ್ಬೆರಳು ಊದಿಕೊಂಡಿತು. ಅಷ್ಟು ಬಿಗಿ. ಅಂಚಿಗೆ ಸೋಪಿನ ನೀರು ಸವರಿದ ಮೇಲೇ ರಿಮ್ಮಿಗೆ ಕೂತದ್ದು. ತೂಕವೂ ಜಾಸ್ತಿ, ಒಂದೊಂದು ಮುಕ್ಕಾಲು ಕೆಜಿ. ಚಾಮುಂಡಿ ಬೆಟ್ಟ ಹತ್ತುವಾಗ ಸಣ್ಣ ಟೈರಿನ ಹುಡುಗರು ನನ್ನ ಮುಂದೆ ಮಾತಾಡಿಕೊಂಡು ಹೋಗುತ್ತಾರೆ, ನಾನು ಉಸಿರು ಲೆಕ್ಕ ಹಾಕುತ್ತಿರುತ್ತೇನೆ. ಬರೀ ವೇಗ ಬೇಕು ಅನ್ನೋರು ಇದನ್ನು ತಗೋಬೇಡಿ.

ಇದರ ಬೆಲೆ ಗೊತ್ತಾಗಿದ್ದು 2023ರ ಜನವರಿಯಲ್ಲಿ. ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿ ರೈಲಿನಲ್ಲಿ ರಾಜಸ್ಥಾನಕ್ಕೆ ಹೋಗಿದ್ದೆ. ಜೈಸಲ್ಮೇರಿನಿಂದ ಪೋಖರಣ್‌ಗೆ ಸುಮಾರು 110 ಕಿ.ಮೀ., ಒಬ್ಬನೇ. ಅಲ್ಲಿ ವರ್ಷಕ್ಕೆ ಬೀಳೋದೇ ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಮಳೆ. ಆದರೂ ಚಳಿಗಾಲದಲ್ಲಿ ಪಶ್ಚಿಮದ ಕಡೆಯಿಂದ ಮೋಡ ಬಂದು ಒಂದೆರಡು ಹನಿ ಉದುರಿಸಿ ಹೋಗುವುದುಂಟು. ಅದಕ್ಕೆ ಅವರು ಮಾವಠ್ ಅನ್ನುತ್ತಾರೆ. ಅವತ್ತು ಬೆಳಿಗ್ಗೆಯೇ ಆಕಾಶ ಬೂದಿ ಬಳಿದಂತಿತ್ತು. ಚಹಾ ಅಂಗಡಿಯವನು ಬರುತ್ತೆ ಅಂದ, ಪಕ್ಕದಲ್ಲಿದ್ದ ಲಾರಿ ಡ್ರೈವರ್ ಬರಲ್ಲ ಅಂದ. ಇಬ್ಬರೂ ನನ್ನ ಸೈಕಲ್ ನೋಡಿ ನಕ್ಕರು.

ಗಾಳಿ ಎದುರಿನಿಂದ. ಊರಿನ ಸುತ್ತ ದೊಡ್ಡ ದೊಡ್ಡ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿದ್ದವು, ನಾನು ಮಾತ್ರ ಗಂಟೆಗೆ ಹನ್ನೆರಡು ದಾಟಲಿಲ್ಲ. ಮರಳು ಹಾವಿನ ಹಾಗೆ ರಸ್ತೆಗೆ ಅಡ್ಡ ಹರಿಯುತ್ತಿತ್ತು. ಚಾಂದನ್ ದಾಟಿದ ಮೇಲೆ ಒಂದು ಮರ ಕಂಡಿತು. ಮೇವಿಗೆ ಅಂತ ಕೊಂಬೆ ಸವರಿ ಬೋಳು ಮಾಡಿದ್ದರು. ಖೇಜ್ಡಿ. ನಮ್ಮ ಬನ್ನಿ ಮರವೇ ಸ್ವಾಮಿ! ದಸರಾ ಮೆರವಣಿಗೆ ಹೋಗಿ ಮುಟ್ಟುವ ಬನ್ನಿಮಂಟಪದ ಬನ್ನಿ. ಅಲ್ಲಿ ಅದು ರಾಜ್ಯದ ಮರ. ಊರಿನವರು ಸಿಕ್ಕಷ್ಟು ಖುಷಿಯಾಗಿ ಫೋಟೋ ತೆಗೆಯೋಣ ಅಂತ ಸೈಕಲ್ ತಳ್ಳಿಕೊಂಡು ಮರಳಿಗೆ ಇಳಿದೆ.

ತಪ್ಪು ಮಾಡಿದ್ದು ಅಲ್ಲೇ. ನೆಲದ ತುಂಬ ನೆಗ್ಗಿಲು ಮುಳ್ಳು. ರಸ್ತೆಗೆ ಬಂದು ಟೈರ್ ತಿರುಗಿಸಿ ಎಣಿಸಿದೆ, ಎರಡರಲ್ಲೂ ಸೇರಿ ಹತ್ತೊಂಬತ್ತು. ಹಿಂದಿನ ಚಕ್ರದಲ್ಲಿ ಒಂದು ಜಾಲಿ ಮುಳ್ಳೂ ಇತ್ತು, ಬುಡ ಮಾತ್ರ ಕಾಣುತ್ತಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಟ್ಯೂಬ್. ಕೈಯಲ್ಲಿದ್ದ ಸಣ್ಣ ಇಕ್ಕಳದಲ್ಲಿ ಹಿಡಿದು, ಕಿವಿ ಟೈರಿಗೆ ಒತ್ತಿ, ಮೆಲ್ಲಗೆ ಎಳೆದೆ. ಉಸ್ಸ್ ಅಂತ ಶಬ್ದ ಬರುತ್ತೆ ಅಂತ ಕಾದೆ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮುಳ್ಳು ಅರ್ಧ ಬೆರಳುಗುರಿನಷ್ಟು ಉದ್ದ, ಪಟ್ಟಿಗೆ ಬಡಿದು ಮೊನೆ ಮೊಂಡಾಗಿತ್ತು. ಈಗಲೂ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ.

ಲಾಠಿ ಅನ್ನೋ ಊರಿನ ಹತ್ತಿರ ಹತ್ತು ನಿಮಿಷ ತುಂತುರು. ಮಣ್ಣಿನ ವಾಸನೆ ಬಂತು, ಅಷ್ಟೇ. ಆಮೇಲೆ ಗಾಳಿ ತಿರುಗಿ ಬೆನ್ನಿಗೆ ಬಿತ್ತು, ಕತ್ತಲಾಗೋ ಮುಂಚೆ ಪೋಖರಣ್ ಸೇರಿದೆ.

ಇಷ್ಟು ವರ್ಷದಲ್ಲಿ ಪಂಕ್ಚರ್ ಎರಡೇ. ಎರಡೂ ನಮ್ಮಲ್ಲೇ, ಹೈವೇ ಸರ್ವಿಸ್ ರಸ್ತೆಯಲ್ಲಿ. ಸಿಡಿದ ಲಾರಿ ಟೈರಿನ ಕೂದಲೆಳೆಯಂಥ ತಂತಿ. ಅದನ್ನು ಈ ಪಟ್ಟಿ ತಡೆಯಲ್ಲ. ಪಕ್ಕದ ಗೋಡೆಗೂ ರಕ್ಷಣೆ ಇಲ್ಲ. ಕರಿಘಟ್ಟದ ಹತ್ತಿರ ಕಲ್ಲು ತಾಗಿ ಒಂದು ಕಡೆ ಸೀಳಿದೆ, ಒಳಗೆ ಹಳೇ ಟ್ಯೂಬಿನ ತುಂಡು ಇಟ್ಟು ಓಡಿಸುತ್ತಿದ್ದೇನೆ. ಸಣ್ಣ ಬಿರುಕುಗಳೂ ಎದ್ದಿವೆ. ಒಂದು ಮಾತು, ಒದ್ದೆ ಕಬ್ಬಿನ ಸಿಪ್ಪೆ ಮೇಲೆ ಇದು ಜಾರುತ್ತದೆ. ಆಲೆಮನೆ ಮುಂದೆ ನಿಧಾನ.

ಹಿಂದಿನ ಟೈರ್ ನಡುವೆ ಸವೆದು ಪಟ್ಟಿಯ ಬಣ್ಣ ಇಣುಕುತ್ತಿದೆ. ಮುಂದಿನದು ಇನ್ನೂ ಒಂದು ವರ್ಷ ಬರುತ್ತೆ. ಹಿಂದಕ್ಕೆ ಇದನ್ನೇ ಮತ್ತೆ ತರಿಸಿದ್ದೇನೆ, ಬೇರೆ ಕಡೆಯಿಂದ. ಈ ಸಲ ಪೆಟ್ಟಿಗೆ ಬಿಚ್ಚುವ ಮೊದಲು ಅಳತೆ ಎರಡು ಸಲ ಓದಿದೆ.