"ಎಲ್ಲ ಚೆನ್ನಾಗಿದೆ" ಅಂದೆ, ಮಗಳ ರಾತ್ರಿ ನರ್ಸಿಂಗ್ ಅರ್ಧ ಆಯಿತು

ಅಮೆರಿಕದಲ್ಲಿ ಅಂಗವೈಕಲ್ಯ ಇರುವ ಮಕ್ಕಳನ್ನು ಸಾಕುತ್ತಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಟೆಕ್ಸಸ್‌ನಲ್ಲಿ ಸ್ಟಾರ್ ಕಿಡ್ಸ್ (ಅಂಗವೈಕಲ್ಯ ಇರುವ ಮಕ್ಕಳ ಸರ್ಕಾರಿ ಆರೋಗ್ಯ ವಿಮೆ) ಮೂಲಕ ಮನೆಗೆ ನರ್ಸ್ ಬರುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಹೋದ ವರ್ಷ ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ಮಗಳಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಫಿಟ್ಸ್ ಇದೆ. ಬಾಯಿಂದ ಊಟ ಇಲ್ಲ, ಎಲ್ಲವೂ ಹೊಟ್ಟೆಗೆ ನೇರ ಹಾಕಿದ ಜಿ-ಟ್ಯೂಬ್‌ನಲ್ಲೇ. ರಾತ್ರಿ ಪಂಪ್‌ನಲ್ಲಿ ಫೀಡ್ ಹೋಗುತ್ತಿರುತ್ತದೆ. ಆಗ ಫಿಟ್ಸ್ ಬಂದರೆ ತಕ್ಷಣ ಪಂಪ್ ನಿಲ್ಲಿಸಿ, ಮಗ್ಗುಲಿಗೆ ತಿರುಗಿಸಿ, ಸಕ್ಷನ್ ಮಾಡಬೇಕು, ಅಂದರೆ ಬಾಯಿ ಗಂಟಲಲ್ಲಿ ಸೇರಿದ್ದನ್ನು ಮಷೀನ್‌ನಿಂದ ಎಳೆದು ತೆಗೆಯಬೇಕು. ತಡವಾದರೆ ಫೀಡ್ ಶ್ವಾಸಕೋಶಕ್ಕೆ ಹೋಗುತ್ತದೆ. ಇದಕ್ಕಾಗಿಯೇ ದಿನಾ ರಾತ್ರಿ ಎಂಟು ಗಂಟೆ, ವಾರಕ್ಕೆ 56 ಗಂಟೆ ನರ್ಸ್ ಬರುತ್ತಿದ್ದರು.

ಮೆಡಿಕೈಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಬಡವರಿಗೆ ಮಾತ್ರ ಅಂತ ನಮ್ಮವರಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ನಾವೂ ಹಾಗೇ ಅಂದುಕೊಂಡು ಎರಡು ವರ್ಷ ಸುಮ್ಮನೆ ಕಳೆದೆವು. ಟೆಕ್ಸಸ್‌ನ ಎಂಡಿಸಿಪಿ ವೇವರ್‌ನಲ್ಲಿ (ತುಂಬಾ ಆರೈಕೆ ಬೇಕಾದ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳಲು ಮೆಡಿಕೈಡ್ ಕೊಡುವ ವಿನಾಯಿತಿ) ಮಗುವಿನ ಆದಾಯ ಮಾತ್ರ ನೋಡುತ್ತಾರೆ, ಅಪ್ಪ ಅಮ್ಮನ ಸಂಬಳ ನೋಡುವುದಿಲ್ಲ. ಈ ದಾರಿ ತೆರೆದದ್ದು 1981ರಲ್ಲಿ, ಕೇಟಿ ಬೆಕೆಟ್ ಎಂಬ ಪುಟ್ಟ ಹುಡುಗಿಯಿಂದ. ಆಸ್ಪತ್ರೆಯಲ್ಲಿದ್ದರೆ ಸರ್ಕಾರ ದುಡ್ಡು ಕೊಡುತ್ತಿತ್ತು, ಮನೆಗೆ ಕರೆದುಕೊಂಡು ಹೋದರೆ ಕೊಡುತ್ತಿರಲಿಲ್ಲ. ಆ ವಿಷಯ ಅಧ್ಯಕ್ಷ ರೇಗನ್ ತನಕ ಹೋದ ಮೇಲೆ ನಿಯಮ ಸಡಿಲವಾಯಿತು. ಇನ್ನೂ ಅರ್ಜಿ ಹಾಕದವರು ಇದ್ದರೆ ಇವತ್ತೇ ಹೆಸರು ಬರೆಸಿ, ಕಾಯುವವರ ಪಟ್ಟಿ ಉದ್ದ ಇದೆ.

ಈಗ ದುಡ್ಡಿನ ಲೆಕ್ಕ. ಇದು ಅರ್ಥವಾಗದಿದ್ದರೆ ಮುಂದೆ ಆದದ್ದೂ ಅರ್ಥವಾಗುವುದಿಲ್ಲ. 2016ರ ನವೆಂಬರ್ 1ರಿಂದ ಟೆಕ್ಸಸ್ ಇಂಥ ಮಕ್ಕಳ ಮೆಡಿಕೈಡ್ ಅನ್ನು ಸ್ಟಾರ್ ಕಿಡ್ಸ್ ಎಂಬ ಹೆಸರಲ್ಲಿ ಮ್ಯಾನೇಜ್ಡ್ ಕೇರ್ ವಿಮಾ ಕಂಪನಿಗಳಿಗೆ (ಇವರನ್ನೇ ಪ್ಲಾನ್ ಅಂತಾರೆ) ಒಪ್ಪಿಸಿತು. ಒಂದು ಮಗುವಿಗೆ ತಿಂಗಳಿಗೆ ಇಷ್ಟು ಅಂತ ರಾಜ್ಯ ಕಂಪನಿಗೆ ಕಟ್ಟುತ್ತದೆ. ಅದರೊಳಗೇ ಕಂಪನಿ ಎಲ್ಲ ಸೇವೆ ಕೊಡಬೇಕು. ಖರ್ಚು ಕಡಿಮೆಯಾದರೆ ಉಳಿದದ್ದರಲ್ಲಿ ಒಂದು ಪಾಲು ಅವರದು. ಇದರ ಮೇಲೆ ಇನ್ನೊಂದು ಪದರ ಇದೆ, ವ್ಯಾಲ್ಯೂ ಬೇಸ್ಡ್ ಪೇಮೆಂಟ್. ಎಷ್ಟು ಗಂಟೆ ಕೆಲಸ ಅನ್ನುವುದಕ್ಕಲ್ಲ, ಫಲ ಏನು ಅನ್ನುವುದಕ್ಕೆ ದುಡ್ಡು. ಕಂಪನಿಗಳು ಡಾಕ್ಟರು, ಏಜೆನ್ಸಿಗಳಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ರೀತಿ ಇರಬೇಕು ಅಂತ ರಾಜ್ಯವೇ 2018ರಲ್ಲಿ ಕಾಂಟ್ರಾಕ್ಟ್‌ನಲ್ಲಿ ಗುರಿ ಹಾಕಿತು.

ಈ ಯೋಚನೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಗು ಆಸ್ಪತ್ರೆ ಸೇರದೆ ಮನೆಯಲ್ಲೇ ಚೆನ್ನಾಗಿದ್ದರೆ ನಮಗಿಂತ ಖುಷಿ ಪಡುವವರು ಯಾರು? ಆದರೆ ಆ ಫಲವನ್ನು ಯಾರು ಓದುತ್ತಾರೆ, ಹೇಗೆ ಓದುತ್ತಾರೆ ಅನ್ನುವುದರಲ್ಲಿ ಎಲ್ಲ ಇದೆ. ನಮ್ಮ ನರ್ಸಿಂಗ್ ಏಜೆನ್ಸಿಗೂ ಇಂಥದ್ದೇ ಒಪ್ಪಂದ ಇತ್ತು ಅಂತ ಅಲ್ಲಿನ ಸೂಪರ್‌ವೈಸರ್ ಆಮೇಲೆ ಹೇಳಿದರು. ಎಮರ್ಜೆನ್ಸಿಗೆ ಹೋಗುವುದು ಕಡಿಮೆಯಾದರೆ ಅವರಿಗೆ ಬೋನಸ್. ಮಗಳು ಆ ವರ್ಷ ಒಮ್ಮೆಯೂ ಎಮರ್ಜೆನ್ಸಿಗೆ ಹೋಗಿರಲಿಲ್ಲ. ಏಜೆನ್ಸಿಗೆ ಬೋನಸ್ ಬಂತು. ಅದೇ ದಾಖಲೆ ನೋಡಿ ಪ್ಲಾನ್‌ನವರು "ಮಗು ಸ್ಥಿರವಾಗಿದೆ" ಅಂತ ಬರೆದರು. ಸ್ಥಿರವಾಗಿದೆ ಅಂದಮೇಲೆ ಇಷ್ಟು ಗಂಟೆ ಯಾಕೆ? ರಾತ್ರಿ ಪೂರ್ತಿ ನರ್ಸ್ ಎಚ್ಚರ ಇದ್ದದ್ದರಿಂದಲೇ ಅವಳು ಸ್ಥಿರವಾಗಿದ್ದದ್ದು, ಅಲ್ವಾ? ಈ ಒಂದು ಮಾತು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಅದು ಇಲ್ಲದೆ ಹೋದದ್ದರಲ್ಲಿ ನನ್ನ ಪಾಲೂ ಇದೆ.

ವರ್ಷಕ್ಕೊಮ್ಮೆ ಪ್ಲಾನ್‌ನ ಸರ್ವೀಸ್ ಕೋಆರ್ಡಿನೇಟರ್ ಮನೆಗೆ ಬಂದು ಮಗುವಿಗೆ ಎಷ್ಟು ನೆರವು ಬೇಕು ಅಂತ ಅಸೆಸ್‌ಮೆಂಟ್ ಮಾಡುತ್ತಾರೆ. ಅವತ್ತು ಬಂದವರು ತುಂಬಾ ಒಳ್ಳೆಯ ಹೆಂಗಸು. ನಮ್ಮ ಅಮ್ಮ ಹಾಸನದಿಂದ ಬಂದಿದ್ದರು. ಮನೆಗೆ ಬಂದವರನ್ನು ಸುಮ್ನೆ ಕಳಿಸುತ್ತೇವಾ? ಅಮ್ಮ ಕಾಫಿ ಮಾಡಿದರು, ಕೋಡುಬಳೆ ಕೊಟ್ಟರು. ನಾನು ಹಿಂದಿನ ದಿನವೇ ಮನೆ ಗುಡಿಸಿ ಒರೆಸಿ, ಸಕ್ಷನ್ ಮಷೀನ್, ಟ್ಯೂಬ್‌ಗಳನ್ನೆಲ್ಲ ನೀಟಾಗಿ ಒಳಗಿಟ್ಟಿದ್ದೆ. ಮಗಳಿಗೆ ಹೊಸ ಫ್ರಾಕ್ ಹಾಕಿದ್ದೆ. "ರಾತ್ರಿ ಹೇಗೆ ನಡೀತಿದೆ?" ಅಂತ ಕೇಳಿದರು. "ಚೆನ್ನಾಗಿ ನಡೀತಿದೆ, ಏನೂ ತೊಂದರೆ ಇಲ್ಲ" ಅಂದೆ. ಯಾರ ಮುಂದೆಯೂ ಮನೆಯ ಕಷ್ಟ ತೋಡಿಕೊಳ್ಳಬಾರದು ಅಂತ ಬೆಳೆದವಳು ನಾನು. ಮಗುವಿನ ಬಗ್ಗೆ ಕೆಟ್ಟ ಮಾತು ಬಾಯಲ್ಲಿ ಬರಬಾರದು ಅಂತಲೂ. "ಅಜ್ಜಿ ಸಹಾಯ ಮಾಡುತ್ತಾರಾ?" ಅಂದರು. ಅಮ್ಮ ಪಕ್ಕದಲ್ಲೇ ನಿಂತಿದ್ದಾರೆ, ಇಲ್ಲ ಅನ್ನುವುದು ಹೇಗೆ? ತಲೆಯಾಡಿಸಿದೆ.

ಐದಾರು ವಾರ ಕಳೆದು ಒಂದು ದಪ್ಪ ಲಕೋಟೆ ಬಂತು. ಇನ್ಶೂರೆನ್ಸ್‌ನಿಂದ ಬರುವ ಕಾಗದಗಳಿಗೆ ಲೆಕ್ಕವಿಲ್ಲ. ಇದೂ ಅಂಥದ್ದೇ ಅಂತ ಅಡುಗೆಮನೆ ಕೌಂಟರ್ ಮೇಲಿಟ್ಟೆ. ತೆರೆದಾಗ ಅದರ ಮೇಲಿನ ತಾರೀಖಿಗೆ 16 ದಿನ ಆಗಿತ್ತು. 56 ಗಂಟೆ 28 ಆಗಿತ್ತು, ಅದೂ ಎರಡು ದಿನದ ಹಿಂದೆಯೇ. ಹಿಂದಿನ ಎರಡು ರಾತ್ರಿ ನರ್ಸ್ ಬರಲಿಲ್ಲ ಅಂತ ನಾವು ಏಜೆನ್ಸಿಗೆ ಫೋನ್ ಮಾಡಿದ್ದೆವು. ಅವರಲ್ಲಿ ಜನ ಇಲ್ಲವೇನೋ ಅಂದುಕೊಂಡಿದ್ದೆವು.

ಇಲ್ಲಿ ದಯವಿಟ್ಟು ಗಮನ ಕೊಡಿ. ಕಡಿತದ ನೋಟಿಸ್ ಬಂದರೆ ಅಪೀಲ್ ಮಾಡಲು 60 ದಿನ ಇರುತ್ತದೆ. ಎಲ್ಲರಿಗೂ ಕಣ್ಣಿಗೆ ಬೀಳುವುದು ಆ 60. ಆದರೆ ಅಪೀಲ್ ಮುಗಿಯುವ ತನಕ ಹಳೆಯ ಗಂಟೆಗಳೇ ಮುಂದುವರಿಯಬೇಕು ಅಂದರೆ ಬೇರೆ ಗಡುವು ಇದೆ. ನೋಟಿಸ್ ಕಳಿಸಿದ 10 ದಿನದೊಳಗೆ, ಇಲ್ಲವೇ ಕಡಿತ ಜಾರಿಯಾಗುವ ದಿನದೊಳಗೆ, ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಷ್ಟರಲ್ಲಿ ಕೇಳಬೇಕು. ಹಳೆಯ ಅನುಮತಿಯ ಅವಧಿಯೂ ಮುಗಿದಿರಬಾರದು. ಅಪೀಲ್ ಸೋತರೆ ಆ ಅವಧಿಯ ಖರ್ಚನ್ನು ನಮ್ಮಿಂದ ಕೇಳುವ ಸಾಧ್ಯತೆ ಇದೆ, ಅದನ್ನೂ ನೋಟಿಸ್‌ನಲ್ಲಿ ಬರೆದಿರುತ್ತಾರೆ. ನಾನು ಎರಡು ದಿನದಲ್ಲಿ ಆ ಗಡುವು ಕಳೆದುಕೊಂಡೆ.

ಅಮ್ಮ ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ದರು. ವಿಸಿಟರ್ ವೀಸಾದಲ್ಲಿ ಬಂದವರು ಎಷ್ಟು ದಿನ ಇರುತ್ತಾರೆ? ನಾನು, ನಮ್ಮವರು ಪಾಳಿ ಹಾಕಿಕೊಂಡು ಎದ್ದಿರುತ್ತಿದ್ದೆವು. ಬೆಳಿಗ್ಗೆ ಇಬ್ಬರಿಗೂ ಕೆಲಸ. ಮೂರನೇ ವಾರ ಒಂದು ರಾತ್ರಿ ಕುರ್ಚಿಯಲ್ಲೇ ನನಗೆ ನಿದ್ದೆ ಬಂತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಮಗಳು ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದಳು. ಅದರ ಬಗ್ಗೆ ಜಾಸ್ತಿ ಬರೆಯಲು ಆಗುತ್ತಿಲ್ಲ.

ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಂದು ಮಾತು ಹೇಳಿದರು: "ಕೇಸ್ ಫೈಲ್ ತರಿಸಿಕೊಳ್ಳಿ." ಪ್ಲಾನ್ ನಿರ್ಧಾರ ಮಾಡಲು ಬಳಸಿದ ಎಲ್ಲ ಕಾಗದವನ್ನೂ ಕೇಳಿದರೆ ಪುಕ್ಕಟೆ ಕೊಡಬೇಕು, ಅದು ನಿಯಮ. ತರಿಸಿದೆ. ಅದರಲ್ಲಿ ಎರಡು ಸಾಲು ಓದಿ ಕೈ ನಡುಗಿತು. ರಾತ್ರಿ ಚೆನ್ನಾಗಿ ನಡೆಯುತ್ತಿದೆ ಎಂದು ತಾಯಿ ಹೇಳಿದ್ದಾರೆ. ಅಜ್ಜಿ ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಾರೆ. 70 ವರ್ಷದ, ಸಕ್ಷನ್ ಮಷೀನ್ ಮುಟ್ಟಲು ಹೆದರುವ ನನ್ನ ಅಮ್ಮ ಅವರ ಲೆಕ್ಕದಲ್ಲಿ ಸಂಬಳವಿಲ್ಲದ ನೆರವು. ವೇವರ್ ಸೇವೆಗಳ ಯೋಜನೆ ಮಾಡುವಾಗ ಮನೆಯವರ ಇಂಥ ನೆರವು ಅವರೇ ಇಷ್ಟಪಟ್ಟು ಕೊಡುವುದಾಗಿರಬೇಕು ಅಂತ 2014ರ ಫೆಡರಲ್ ನಿಯಮ ಹೇಳುತ್ತದೆ. ಅಮ್ಮನನ್ನು ಯಾರೂ ಕೇಳಿರಲೇ ಇಲ್ಲ.

ಅಪೀಲ್ ಹಾಕಿದೆವು. ಪ್ಲಾನ್ 30 ದಿನದೊಳಗೆ ಉತ್ತರ ಕೊಡಬೇಕು. ಮಗುವಿನ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಇದ್ದರೆ ತುರ್ತು ಅಪೀಲ್ ಕೇಳಬಹುದು, ಅದಕ್ಕೆ 72 ಗಂಟೆ. ಇದು ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ. ಅಪೀಲ್‌ನಲ್ಲಿ 42 ಗಂಟೆಗೆ ಏರಿಸಿದರು. ಇಷ್ಟು ಸಾಕು, ಅವರನ್ನು ಎದುರು ಹಾಕಿಕೊಳ್ಳುವುದು ಬೇಡ ಅಂತ ನಮ್ಮವರು ಅಂದರು. ಯಾವ ಎರಡು ರಾತ್ರಿ ಬಿಡಬೇಕು ಅಂತ ನಾನು ಕೇಳಿದೆ. ಅವರು ಮಾತಾಡಲಿಲ್ಲ.

ಮುಂದಿನ ಹಂತ ಫೇರ್ ಹಿಯರಿಂಗ್, ಅಂದರೆ ರಾಜ್ಯ ನಡೆಸುವ ವಿಚಾರಣೆ. ಅಪೀಲ್ ಉತ್ತರದ ಮೇಲಿನ ತಾರೀಖಿನಿಂದ 120 ದಿನದೊಳಗೆ ಕೇಳಬೇಕು. ಟೆಕ್ಸಸ್‌ನಲ್ಲಿ ಅದರ ಜೊತೆಗೇ ಎಕ್ಸ್‌ಟರ್ನಲ್ ಮೆಡಿಕಲ್ ರಿವ್ಯೂ ಕೂಡ ಕೇಳಬಹುದು, ಪ್ಲಾನ್‌ಗೆ ಸಂಬಂಧವಿಲ್ಲದ ಹೊರಗಿನವರು ಫೈಲ್ ನೋಡುತ್ತಾರೆ. ನಮ್ಮ ನ್ಯೂರಾಲಜಿ ಡಾಕ್ಟರ್ ಪತ್ರ ಬರೆದುಕೊಟ್ಟರು. ಹೋದ ಬಾರಿ "ನರ್ಸಿಂಗ್ ಬೇಕು" ಅಂತ ಒಂದೇ ಸಾಲು ಇತ್ತು. ಈ ಬಾರಿ ರಾತ್ರಿ ಎಷ್ಟು ಸಲ ಸಕ್ಷನ್, ಎಷ್ಟು ಸಲ ಪಂಪ್ ನಿಲ್ಲಿಸಬೇಕು, ನರ್ಸ್ ಇಲ್ಲದ ರಾತ್ರಿ ಏನಾಯಿತು, ಎಲ್ಲ ಇತ್ತು. 21 ವರ್ಷದೊಳಗಿನ ಮಕ್ಕಳಿಗೆ ಕಾಯಿಲೆ ಗುಣ ಮಾಡುವುದಕ್ಕೆ ಮಾತ್ರವಲ್ಲ, ಸ್ಥಿತಿ ಸುಧಾರಿಸಲು ಬೇಕಾದ ಚಿಕಿತ್ಸೆಯನ್ನೂ ಮೆಡಿಕೈಡ್ ಕೊಡಲೇಬೇಕು. 1989ರಿಂದ ಕಾನೂನಿನಲ್ಲೇ ಇದೆ, ಇಪಿಎಸ್‌ಡಿಟಿ ಅಂತಾರೆ. ಪತ್ರದಲ್ಲಿ ಆ ಹೆಸರು ಬರೆಸಿ. ಹೊರಗಿನ ರಿವ್ಯೂನಲ್ಲಿ ನಮ್ಮ 56 ಗಂಟೆ ವಾಪಸ್ ಬಂತು. ಒಟ್ಟು ನಾಲ್ಕೂವರೆ ತಿಂಗಳು ಹಿಡಿಯಿತು.

ಅಸೆಸ್‌ಮೆಂಟ್ ದಿನ ಮನೆ ಇದ್ದ ಹಾಗೇ ಇರಲಿ. ಮಷೀನ್‌ಗಳು ಕಾಣುವ ಹಾಗಿರಲಿ. ಕೆಟ್ಟ ರಾತ್ರಿಯ ಬಗ್ಗೆ ಹೇಳಿ, ಒಳ್ಳೆಯ ರಾತ್ರಿ ಹೇಗೆ ಒಳ್ಳೆಯದಾಯಿತು, ನರ್ಸ್ ಅವತ್ತು ಏನೇನು ಮಾಡಿದರು ಅನ್ನುವುದನ್ನೂ ಹೇಳಿ. ಬಾಯಲ್ಲಿ ಹೇಳಲು ಸಂಕೋಚವಾದರೆ ಬರೆದು ಕೊಡಿ. ಗಂಟೆಗಳ ಜಾಗ ಖಾಲಿ ಇರುವ ಫಾರ್ಮ್‌ಗೆ ಸಹಿ ಹಾಕಬೇಡಿ. ಇಂಗ್ಲಿಷ್‌ನಲ್ಲಿ ಮಾತಾಡಲು ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಕೇಳಿ. ಪ್ಲಾನ್ ಪುಕ್ಕಟೆ ಒದಗಿಸಬೇಕು, ಯಾವ ಭಾಷೆಯಾದರೂ ಸರಿ. ವಕೀಲರ ಸಹಾಯ ಬೇಕಾದರೆ ಪ್ರತಿ ರಾಜ್ಯದಲ್ಲೂ ಫೆಡರಲ್ ಹಣದಿಂದ ನಡೆಯುವ ಹಕ್ಕು ರಕ್ಷಣೆಯ ಸಂಸ್ಥೆ ಒಂದಿದೆ. ಟೆಕ್ಸಸ್‌ನಲ್ಲಿ ಅದು ಡಿಸೆಬಿಲಿಟಿ ರೈಟ್ಸ್ ಟೆಕ್ಸಸ್. ಲಕೋಟೆಗಳನ್ನು ಬಂದ ದಿನವೇ ತೆರೆಯಿರಿ.

ನಮ್ಮ ಮುಂದಿನ ಅಸೆಸ್‌ಮೆಂಟ್ ಬರುವ ತಿಂಗಳು. ಅಮ್ಮ ಮತ್ತೆ ಬಂದಿದ್ದಾರೆ. ಈ ಸಲವೂ ಕಾಫಿ ಮಾಡುತ್ತಾರಂತೆ, ಮಾಡಲಿ. ನಾನು ರಾತ್ರಿ ಏನೇನಾಯಿತು ಅಂತ ಬರೆದಿಡುವ ಪುಸ್ತಕದ ಮೂರು ತಿಂಗಳ ಹಾಳೆಗಳ ಜೊತೆ ಅವರ ರಿಟರ್ನ್ ಟಿಕೆಟ್‌ನ ಪ್ರತಿಯನ್ನೂ ಫೈಲ್‌ನಲ್ಲಿ ಇಟ್ಟಿದ್ದೇನೆ. ನೋಟಿಸ್ ಕೈಯಲ್ಲಿ ಹಿಡಿದು ಏನು ಮಾಡುವುದು ಅಂತ ಗೊತ್ತಾಗದೆ ಕೂತವರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ. ಮೊದಲು ತಾರೀಖು ನೋಡೋಣ.